ಅಂಟು ಸಹಜವಾದರೆ ಸಾಕೇ?

ಮಕ್ಕಳೇ, ಶಾಲೆಗೆ ಹೊಸ ಮೇಜು, ಕಪಾಟು ಬಂದಾಗ ಕೋಣೆಯೊಳಗೆ ಹೋದರೆ ಕಣ್ಣು ಚುರುಚುರು ಅನ್ನುತ್ತದಲ್ಲ, ಅದನ್ನು ನಾವು ‘ಹೊಸ ಮರದ ವಾಸನೆ’ ಅಂತೇವೆ. ಆದರೆ ಅದು ಮರದ್ದಲ್ಲ. ಲ್ಯಾಬಿನಲ್ಲಿ ಹಾವು, ಕಪ್ಪೆ ಇಟ್ಟ ಜಾಡಿಯ ಮುಚ್ಚಳ ತೆಗೆದರೆ ಮೂಗಿಗೆ ಬಡಿಯುವುದೂ ಇದೇ ಫಾರ್ಮಾಲ್ಡಿಹೈಡ್. ನೀರಿನಲ್ಲಿ ಕರಗಿಸಿಟ್ಟರೆ ಅದರ ಹೆಸರು ಫಾರ್ಮಾಲಿನ್.

ಪ್ಲೈವುಡ್ಡಿನ ತೆಳು ಹಾಳೆಗಳನ್ನು, ಪಾರ್ಟಿಕಲ್ ಬೋರ್ಡಿನ ಮರದ ಚೂರುಗಳನ್ನು ಹಿಡಿದಿಡುವುದು ಹೆಚ್ಚಾಗಿ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು. ಅಗ್ಗ, ಬೇಗ ಗಟ್ಟಿಯಾಗುತ್ತದೆ. ಆದರೆ ಸೆಕೆ, ತೇವ ಎರಡೂ ಸೇರಿದರೆ ಅದರ ಬಂಧಗಳು ಮೆಲ್ಲಗೆ ಬಿಚ್ಚಿಕೊಂಡು ಅನಿಲ ಹೊರಬರುತ್ತದೆ. ನಮ್ಮ ಕಾಸರಗೋಡಿನ ಹವೆ ಗೊತ್ತಲ್ಲ! ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಸೇರಿಸಿತು. ಒಂದು ಮೇಜು ಕಂಡು ಹೆದರಬೇಡಿ. ಹೆಚ್ಚಿನ ಅಪಾಯ ವರ್ಷಗಟ್ಟಲೆ ಅದನ್ನೇ ಉಸಿರಾಡುವ ಕಾರ್ಖಾನೆಯ ಕೆಲಸಗಾರರಿಗೆ.

ಹಾಗಾದರೆ ಸಹಜ ಅಂಟು ಬಳಸಿದರಾಯಿತು ಅಂತೀರಾ? ನನ್ನ ತಕರಾರು ಇಲ್ಲೇ ಇರುವುದು. ನೀಲಗಿರಿ ಜಿಲ್ಲೆಯ ಮಕ್ಕಳಿಗೆ ವಾಟಲ್ ಮರ ಗೊತ್ತು. ಅದರ ತೊಗಟೆಯ ಟ್ಯಾನಿನ್‌ನಿಂದ ದಕ್ಷಿಣ ಆಫ್ರಿಕಾದಲ್ಲಿ ದಶಕಗಳಿಂದ ಬೋರ್ಡಿನ ಅಂಟು ಮಾಡುತ್ತಾರೆ. ನಮ್ಮ ಗೇರುಬೀಜದ ಸಿಪ್ಪೆಯೆಣ್ಣೆಯಿಂದ ಸಿಗುವ ಕಾರ್ಡನಾಲ್ ಕೂಡ ಫೀನಾಲಿನ ಬಳಗದ್ದು, ಅಂಟಿಗೆ ಒದಗುತ್ತದೆ. ಆದರೆ ಇವನ್ನು ಗಟ್ಟಿಗೊಳಿಸಲು ಸಾಮಾನ್ಯವಾಗಿ ಬೆರೆಸುತ್ತಾ ಬಂದಿರುವುದು ಮತ್ತೆ ಅದೇ ಫಾರ್ಮಾಲ್ಡಿಹೈಡನ್ನು! ‘ಸಹಜ’ ಎಂಬ ಚೀಟಿ ಓದಿ ಸುಮ್ಮನಾಗಬೇಡಿ, ಗಟ್ಟಿಯಾಗಲು ಏನು ಹಾಕಿದ್ದೀರಿ ಅಂತ ಕೇಳಿ.

ಸೋಯಾದ ಕಥೆ ಬೇರೆ. ಅಮೆರಿಕದಲ್ಲಿ 1920ರ ದಶಕದಲ್ಲೇ ಸೋಯಾ ಹಿಟ್ಟಿನ ಅಂಟಿನಿಂದ ಪ್ಲೈವುಡ್ ಮಾಡುತ್ತಿದ್ದರು. ನೀರಿಗೆ ಅದು ತಾಳುತ್ತಿರಲಿಲ್ಲ. ಅಗ್ಗದ ಕೃತಕ ಅಂಟು ಬಂದ ಮೇಲೆ ಮೂಲೆ ಸೇರಿತು. ಮತ್ತೆ ಅದನ್ನು ಎತ್ತಿಕೊಂಡವರು ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕೈಚಾಂಗ್ ಲಿ. ಕಡಲಬಂಡೆಗೆ ಕಚ್ಚಿಕೊಳ್ಳುವ ಚಿಪ್ಪುಜೀವಿ ಇದೆಯಲ್ಲ, ನಾವಿಲ್ಲಿ ಕಲ್ಲುಮ್ಮಕ್ಕಾಯಿ ಅನ್ನುವುದು, ತೆರೆ ಎಷ್ಟು ಬಡಿದರೂ ಅದು ಬಂಡೆ ಬಿಡುವುದಿಲ್ಲ. ಅದರ ನೂಲಿನ ಪ್ರೋಟೀನು ನೀರಿನೊಳಗೇ ಅಂಟುತ್ತದೆ. ಸೋಯಾ ಪ್ರೋಟೀನಿಗೂ ಆ ಗುಣ ಬಂದೀತೇ ಎಂದು ಹುಡುಕಿದ ಅವರು, ಒದ್ದೆಯಾದರೂ ಕಾಗದ ಹರಿಯದಿರಲಿ ಅಂತ ಹಾಕುವ ಒಂದು ರಾಳವನ್ನು ಸೋಯಾ ಹಿಟ್ಟಿಗೆ ಸೇರಿಸಿದರು. ಫಾರ್ಮಾಲ್ಡಿಹೈಡ್ ಹಾಕಲೇ ಇಲ್ಲ. ಈ ಅಂಟಿನಿಂದ ಪ್ಲೈವುಡ್ ಮಾರುಕಟ್ಟೆಗೂ ಬಂತು, 2007ರಲ್ಲಿ ಅಮೆರಿಕದ ಹಸಿರು ರಸಾಯನಶಾಸ್ತ್ರ ಪ್ರಶಸ್ತಿಯೂ ಸಿಕ್ಕಿತು. ಆ ರಾಳ ಕಾರ್ಖಾನೆಯದ್ದು, ಗಿಡದ್ದಲ್ಲ. ಇರಲಿ, ಹೆಸರಿಗೆ ಮಾತ್ರ ಸಹಜವಾದ ಅಂಟಿಗಿಂತ ನನಗೆ ಇದೇ ಮೇಲು.

ವಿಜ್ಞಾನ ಮೇಳಕ್ಕೆ ಇನ್ನು ಜ್ವಾಲಾಮುಖಿ ಮಾದರಿ ತರಬೇಡಿ, ನೋಡಿ ನೋಡಿ ಸಾಕಾಗಿದೆ. ಹುಣಸೆಬೀಜದ ಅಂಟು, ಮೈದಾ ಅಂಟು, ಒಡೆದ ಹಾಲಿನ ಗಟ್ಟಿಗೆ ಸುಣ್ಣ ಬೆರೆಸಿದ ಅಂಟು ಮಾಡಿ. ಸುಣ್ಣ ಮುಟ್ಟುವಾಗ ಟೀಚರ್ ಜೊತೆಗಿರಲಿ. ಐಸ್‌ಕ್ರೀಂ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಅಂಟಿಸಿ ಎರಡು ದಿನ ಒಣಗಿಸಿ. ಅರ್ಧದಷ್ಟನ್ನು ಇಡೀ ರಾತ್ರಿ ನೀರಲ್ಲಿ ನೆನೆಹಾಕಿ. ಆಮೇಲೆ ಎಲ್ಲದಕ್ಕೂ ತೂಕ ನೇತುಹಾಕಿ, ಯಾವುದು ಎಷ್ಟು ಗ್ರಾಮಿಗೆ ಬಿಟ್ಟಿತು ಅಂತ ಬರೆದಿಟ್ಟು ಈ ಪತ್ರಿಕೆಗೆ ಕಳಿಸಿ. ಹೊಸ ಕಪಾಟು ಬಂದ ಕೋಣೆಯ ಕಿಟಕಿಗಳು ಮಾತ್ರ ಇವತ್ತಿನಿಂದಲೇ ತೆರೆದಿರಲಿ.