ತಪ್ಪು ಕೈಯದೋ, ಸ್ವಿಚ್ಚಿನದೋ?

ಸಣ್ಣ ವಿಮಾನವೊಂದು ಸುರಕ್ಷಿತವಾಗಿ ಇಳಿದು ರನ್‌ವೇ ಮೇಲೆ ಓಡುತ್ತಿದೆ. ಇನ್ನೇನು ನಿಲ್ಲಬೇಕು, ಅಷ್ಟರಲ್ಲಿ ಅದರ ಚಕ್ರಗಳು ಮಡಚಿಕೊಳ್ಳುತ್ತವೆ. ಪ್ರೊಪೆಲರ್ ನೆಲಕ್ಕೆ ಬಡಿಯುತ್ತದೆ, ವಿಮಾನ ಹೊಟ್ಟೆಯ ಮೇಲೆ ಜಾರುತ್ತದೆ. ವಿಚಾರಿಸಿದರೆ, ಚಕ್ರದ ಸ್ವಿಚ್ಚನ್ನು ಮೇಲೆತ್ತಿದವರು ಸ್ವತಃ ಪೈಲಟ್!

ಅಮೆರಿಕದಲ್ಲಿ 1975ರಿಂದ 1978ರವರೆಗೆ ಇಂಥ ಹಲವು ಅಪಘಾತಗಳು ನಡೆದವು. 'ಪೈಲಟ್‌ನ ಅಜಾಗರೂಕತೆ' ಎಂದು ಬರೆದು ಕಡತ ಮುಚ್ಚಬಹುದಿತ್ತು. ಆದರೆ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಎಲ್ಲ ಪ್ರಕರಣಗಳನ್ನೂ ಒಟ್ಟಿಗೆ ಇಟ್ಟು ನೋಡಿ, 1980ರಲ್ಲಿ ವಿಶೇಷ ವರದಿ ನೀಡಿತು.

ಇಳಿಯುವಾಗ ರೆಕ್ಕೆಯ ಹಿಂಭಾಗದ 'ಫ್ಲ್ಯಾಪ್'ಗಳನ್ನು ಕೆಳಗೆ ಬಾಗಿಸುತ್ತಾರೆ. ಇದರಿಂದ ಕಡಿಮೆ ವೇಗದಲ್ಲೂ ವಿಮಾನ ತೇಲಬಲ್ಲದು. ನೆಲ ಮುಟ್ಟಿದ ಮೇಲೆ ಅವುಗಳನ್ನು ಮತ್ತೆ ಎತ್ತಿದರೆ ಭಾರವೆಲ್ಲ ಚಕ್ರಗಳ ಮೇಲೆ ಬಿದ್ದು ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಹೀಗೆ ಫ್ಲ್ಯಾಪ್ ಎತ್ತಲು ಹೋದ ಕೈ ಚಕ್ರದ ಸ್ವಿಚ್ಚನ್ನು ಎತ್ತಿಬಿಡುತ್ತಿತ್ತು.

ಇಲ್ಲಿ ಒಂದು ಸರಳ ಲೆಕ್ಕವಿದೆ. ಚಕ್ರ ಮಡಚುವ ಒಂಟಿ ಎಂಜಿನ್ನಿನ ವಿಮಾನಗಳಲ್ಲಿ 'ಬೊನಾಂಜಾ' ಮಾದರಿಯ ಪಾಲು ಸುಮಾರು ಶೇಕಡಾ 30. ಹಾಗಿದ್ದರೆ ಇಂಥ 24 ಅಪಘಾತಗಳಲ್ಲಿ ಅದರ ಪಾಲು ಏಳರಷ್ಟಿರಬೇಕು. ಆದರೆ ಇದ್ದದ್ದು 16! ಎರಡು ಎಂಜಿನ್ನಿನ ವಿಮಾನಗಳಲ್ಲಿ 'ಬ್ಯಾರನ್' ಶೇಕಡಾ 16 ಮಾತ್ರ; 39 ಅಪಘಾತಗಳಲ್ಲಿ 21 ಅದರವೇ. ಎರಡೂ ಬೀಚ್‌ಕ್ರಾಫ್ಟ್ ಕಂಪನಿಯ ವಿಮಾನಗಳು. ಅಜಾಗರೂಕರೆಲ್ಲ ಒಂದೇ ಕಂಪನಿಯ ವಿಮಾನವನ್ನು ಆರಿಸಿಕೊಂಡಿದ್ದರೇ?

ಉತ್ತರ ಕಾಕ್‌ಪಿಟ್‌ನಲ್ಲಿತ್ತು. ಬೇರೆ ವಿಮಾನಗಳಲ್ಲಿ ಸಾಮಾನ್ಯವಾಗಿ ಚಕ್ರದ ಸ್ವಿಚ್ ಎಡಕ್ಕೆ, ಫ್ಲ್ಯಾಪಿನದು ಬಲಕ್ಕೆ. ಇವುಗಳಲ್ಲಿ ಅದಲುಬದಲು. ಮುಟ್ಟಿದ ಮಾತ್ರಕ್ಕೆ ಗುರುತು ಸಿಗುವಷ್ಟು ಆಕಾರಭೇದವಿರಲಿಲ್ಲ. ಚಕ್ರದ ಸ್ವಿಚ್ಚಿಗೆ ಸಾಕಷ್ಟು ತಡೆಯೂ ಇರಲಿಲ್ಲ. ಬೇರೆ ವಿಮಾನ ಹಾರಿಸಿ ರೂಢಿಯಾದ ಕೈ, ಗಮನ ಒಂದು ಕ್ಷಣ ಆಚೀಚೆಯಾದಾಗ ಹಳೆಯ ಜಾಗವನ್ನೇ ಹುಡುಕುತ್ತಿತ್ತು. ನೆಲದ ಮೇಲೆ ಚಕ್ರ ಮಡಚದಂತೆ ತಡೆಯುವ ಸುರಕ್ಷಾ ಸ್ವಿಚ್ ಇತ್ತು, ನಿಜ. ಆದರೆ ಇಳಿದ ಕೂಡಲೇ ರೆಕ್ಕೆಗಳು ಇನ್ನೂ ಸ್ವಲ್ಪ ಭಾರ ಹೊತ್ತಿರುವುದರಿಂದ ಅದನ್ನು ಪೂರ್ತಿ ನಂಬುವಂತಿರಲಿಲ್ಲ.

ವಿಷಾದವೆಂದರೆ ಈ ಪಾಠ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲೇ ಮನಶ್ಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್, ಬಿ-17 ಬಾಂಬರ್‌ಗಳಲ್ಲಿ ಇದೇ ಎಡವಟ್ಟನ್ನು ಗುರುತಿಸಿದ್ದರು. ಅವರು ಸೂಚಿಸಿದ ಪರಿಹಾರ ಬಹು ಸುಲಭ: ಚಕ್ರದ ಹಿಡಿಕೆಗೆ ಪುಟ್ಟ ಚಕ್ರದ ಆಕಾರ, ಫ್ಲ್ಯಾಪಿನದಕ್ಕೆ ಬೆಣೆಯ ಆಕಾರ. ಕಣ್ಣು ನೋಡದಿದ್ದರೂ ಕೈ ತಿಳಿಯುತ್ತದೆ. 1980ರ ದಶಕದಲ್ಲಿ ಬೀಚ್‌ಕ್ರಾಫ್ಟ್ ಕೂಡ ತನ್ನ ಹೊಸ ವಿಮಾನಗಳಲ್ಲಿ ಸ್ವಿಚ್ಚುಗಳನ್ನು ಎಲ್ಲರಂತೆ ಜೋಡಿಸಿತು.

ವಿಮಾನ ಅಪಘಾತದ ತನಿಖೆಯ ಉದ್ದೇಶ ಯಾರ ಮೇಲೂ ತಪ್ಪು ಹೊರಿಸುವುದಲ್ಲ, ಅದು ಮರುಕಳಿಸದಂತೆ ನೋಡಿಕೊಳ್ಳುವುದು ಎಂಬುದು ಅಂತರರಾಷ್ಟ್ರೀಯ ನಿಯಮ. ಭಾರತದಲ್ಲಿ 2012ರಲ್ಲಿ ಆರಂಭವಾದ ವಿಮಾನ ಅಪಘಾತ ತನಿಖಾ ಬ್ಯೂರೋ ಪಾಲಿಸುವುದೂ ಇದನ್ನೇ.

ಉಪ್ಪು, ಸಕ್ಕರೆಗಳನ್ನು ಒಂದೇ ಬಗೆಯ ಡಬ್ಬಿಯಲ್ಲಿ ಪಕ್ಕಪಕ್ಕ ಇಟ್ಟರೆ ಒಂದು ದಿನ ಕಾಫಿ ಉಪ್ಪಾಗುವುದು ಖಂಡಿತ. ಲೆಕ್ಕದಲ್ಲಿ ಮಕ್ಕಳು ಪದೇ ಪದೇ ಒಂದೇ ಹಂತದಲ್ಲಿ ಎಡವುತ್ತಿದ್ದರೂ ಅಷ್ಟೆ. 'ನಿನಗೆ ಗಮನವಿಲ್ಲ' ಎಂದು ಗದರುವ ಮೊದಲು, ಹಳೆಯ ನಾಲ್ಕಾರು ಉತ್ತರಪತ್ರಿಕೆಗಳನ್ನು ಒಟ್ಟಿಗೆ ಹರಡಿ ನೋಡುವುದು ಒಳ್ಳೆಯದು.