ಅಜ್ಜಿಗೆ ಎಟುಕುವ ಬೇಸಿನ್

ಮಕ್ಕಳೇ, ಈ ವಾರ ಬಚ್ಚಲುಮನೆಗೆ ಹೋಗೋಣ ಬನ್ನಿ. ಈಗಲೇ ಮೂಗು ಮುಚ್ಚಿಕೊಳ್ಳಬೇಡಿ, ಮೂಗಿನ ವಿಷಯ ಆಮೇಲೆ ಬರುತ್ತದೆ.

ನಮ್ಮ ಮನೆಯ ಅಜ್ಜಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. ಬೆಳಿಗ್ಗೆ ಯಾರಾದರೂ ಚೊಂಬು, ಬೋಗುಣಿ ಹಿಡಿದು ಹಾಸಿಗೆಯ ಬಳಿ ನಿಂತು ಮುಖ ತೊಳೆಸಬೇಕು. ನೋವಿನ ಬಗ್ಗೆ ಒಂದು ಮಾತೂ ಆಡದ ಅವಳು ಬೋಗುಣಿ ಕಂಡರೆ ಮಾತ್ರ ಮುಖ ತಿರುಗಿಸುತ್ತಿದ್ದಳು. ಬಚ್ಚಲುಮನೆಯ ಟೈಲ್ಸ್ ಬದಲಿಸುವ ಕೆಲಸ ಹೇಗೂ ಶುರುವಾಗಿತ್ತು. “ಬೇಸಿನ್ ಕೆಳಗಿಳಿಸಿದರೆ ಅಜ್ಜಿ ಕುರ್ಚಿಯಲ್ಲಿ ಕೂತೇ ತೊಳ್ಕೋಬಹುದಲ್ವಾ ತಾತ?” ಎಂದಳು ಆರನೇ ತರಗತಿಯ ಮೊಮ್ಮಗಳು.

ಬ್ರಾಕೆಟ್ ಕಿತ್ತು 4 ಅಂಗುಲ ಕೆಳಗೆ ಹೊಡೆದರೆ ಮುಗಿಯಿತು ಎಂದುಕೊಂಡಿದ್ದೆ. ಪ್ಲಂಬರ್ ಬಂದು ಬಗ್ಗಿ ನೋಡಿ ನಕ್ಕರು. ಬೇಸಿನ್ ಇಳಿದರೆ ಅದರಡಿಯ ಪೈಪೂ ಇಳಿಯುತ್ತದೆ. ನೀರು ಹೊರಗೆ ಹೋಗುವ ಗೋಡೆಯ ತೂತು ಇದ್ದಲ್ಲೇ ಇರುತ್ತದೆ. ಇಳಿದುಹೋಗಬೇಕಾದ ನೀರು ಹತ್ತಿ ಹೋಗಬೇಕಾಗುತ್ತದೆ!

“ಗೋಡೆ ಒಡೆಯೋದೇನೂ ಬೇಡ ಸಾರ್. ಈ ಬಾಟಲ್ ಟ್ರ್ಯಾಪ್ ತೆಗೆದು, ಸುರುಳಿ ಪೈಪ್ ಹಾಕಿ ನೆಲದ ನಹಾನಿಗೆ ಬಿಟ್ಟರಾಯ್ತು” ಎಂದರು. ಒಳಗಿನಿಂದ ಅಜ್ಜಿಯೂ, “ನನ್ನೊಬ್ಬಳಿಗೋಸ್ಕರ ಗೋಡೆ ಒಡೆಸಬೇಡಿ ಕಣ್ರೀ, ಚೊಂಬು ಇದೆಯಲ್ಲ” ಎಂದಳು. ನಾನು ಹೂಂ ಅನ್ನುವುದರಲ್ಲಿದ್ದೆ. ಆಗ ಮೊಮ್ಮಗಳು, “ಹಾಗಾದ್ರೆ ಆ ಬಾಟಲ್ ಇಷ್ಟು ವರ್ಷ ಅಲ್ಲಿ ಯಾಕಿತ್ತು ಅಂಕಲ್?” ಎಂದು ಕೇಳಿಬಿಟ್ಟಳು.

ಒಳ್ಳೆಯ ಮನುಷ್ಯ, ಬಕೆಟ್ ಇಟ್ಟು ಅದನ್ನು ಬಿಚ್ಚಿ ತೋರಿಸಿದರು. ಒಳಗೆ ಕೂದಲು, ಸೋಪಿನ ಪಾಚಿ, ಅದರ ನಡುವೆ ಅಜ್ಜಿಯ ಓಲೆಯ ತಿರುಪು! ಎರಡು ವರ್ಷದ ಹಿಂದೆ ಕಳೆದಾಗ ಮನೆಗೆಲಸದವಳವರೆಗೂ ಅನುಮಾನ ಹೋಗಿತ್ತು. ಆ ಸಂಗತಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ಬಟ್ಟಲಿನಲ್ಲಿ ಸದಾ 2–3 ಅಂಗುಲ ನೀರು ನಿಂತಿರುತ್ತದೆ. ಮೇಲಿನಿಂದ ಬಂದ ಕೊಳವೆಯ ತುದಿ ಆ ನೀರಿನಲ್ಲಿ ಮುಳುಗಿರುತ್ತದೆ. ಹೊಸ ನೀರು ಬಿದ್ದಷ್ಟೂ ಹಳೆಯದು ಪಕ್ಕದ ಬಾಯಿಂದ ಹೊರಗೆ ಹೋಗುತ್ತದೆ. ಚರಂಡಿಯ ಗಾಳಿ, ಜಿರಳೆ ಆ ಕಡೆಯಿಂದ ಬಂದರೆ ನೀರಿನ ಬಾಗಿಲು ತಡೆಯುತ್ತದೆ. ಪಾರದರ್ಶಕ ಪೈಪಿನ ತುಂಡನ್ನು U ಆಕಾರಕ್ಕೆ ಬಗ್ಗಿಸಿ, ಸ್ವಲ್ಪ ನೀರು ಹಾಕಿ, ಒಂದು ತುದಿಯಿಂದ ಮೆಲ್ಲಗೆ ಊದಿ ನೋಡಿ, ತಿಳಿಯುತ್ತದೆ. (ಜೋರಾಗಿ ಊದಿದರೆ ಎದುರು ಕೂತ ತಾತನ ಕನ್ನಡಕ ತೊಳೆಯುತ್ತದೆ.) ಶೌಚಾಲಯದ ಪೈಪನ್ನು ಹೀಗೆ ಬಗ್ಗಿಸಿ ನೀರು ನಿಲ್ಲಿಸುವ ಉಪಾಯಕ್ಕೆ 1775ರಲ್ಲಿ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮ್ಮಿಂಗ್ ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದವನು.

ನಹಾನಿಯೊಳಗೂ ಇಂಥದೇ ನೀರು ಇರುತ್ತದೆ, ಪ್ಲಂಬರ್ ಹೇಳಿದ್ದು ಪೂರ್ತಿ ತಪ್ಪಲ್ಲ. ಆದರೆ ಸುರುಳಿ ಪೈಪಿನ ಮಡಿಕೆಗಳಲ್ಲಿ ಪಾಚಿ ಕಟ್ಟಿದರೆ ಆ ವಾಸನೆ ನೇರ ಬೇಸಿನ್ನಿಗೆ ಬರುತ್ತದೆ. ಬಳಸದೆ ಬಿಟ್ಟರೆ ನಹಾನಿಯ ನೀರು ಒಣಗಿಯೂ ಹೋಗುತ್ತದೆ. 2003ರಲ್ಲಿ ಹಾಂಗ್‌ಕಾಂಗಿನ ಒಂದು ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ತಗುಲಿದಾಗ, ಹೀಗೆ ಒಣಗಿದ ನೆಲದ ಟ್ರ್ಯಾಪುಗಳೂ ಸೋಂಕು ಹರಡಲು ದಾರಿಯಾಗಿದ್ದವೆಂದು ತನಿಖೆ ಹೇಳಿತು. ರಜೆಗೆ ಊರಿಗೆ ಹೋಗಿ ಬಂದವರು ಮೊದಲು ನಹಾನಿಗೆ ಒಂದು ಚೊಂಬು ನೀರು ಹಾಕಿ.

ನನ್ನ ಮನಸ್ಸು ಬದಲಾದದ್ದು ಮಾತ್ರ ಬೇರೆ ಕಾರಣಕ್ಕೆ. ನೆಲಕ್ಕೆ ಇಳಿಬಿದ್ದ ಪೈಪು ಅಜ್ಜಿಯ ಎರಡು ಪಾದಗಳ ನಡುವೆಯೇ ಬರುತ್ತಿತ್ತು. ಒಮ್ಮೆ ಎಡವಿದ್ದು ಸಾಲದೇ? ಮೊಮ್ಮಗಳು ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಮಂಡಿಯ ಎತ್ತರ ಅಳೆದಳು. ಬಾಟಲ್ ಟ್ರ್ಯಾಪ್ ಮೊದಲಿನಂತೆ ಬೇಸಿನ್ನಿನ ನಡುವೆ ಇದ್ದರೆ ಮಂಡಿಗೆ ತಾಗುತ್ತಿತ್ತು. ಕೊನೆಗೆ ಪ್ಲಂಬರೇ ದಾರಿ ಹೇಳಿದರು: ಬೇಸಿನ್ನಿನಡಿಯಲ್ಲೇ ಪೈಪನ್ನು ಹಿಂದಕ್ಕೆ ತಿರುಗಿಸಿ, ತುಸು ಇಳಿಜಾರು ಕೊಟ್ಟು, ಟ್ರ್ಯಾಪನ್ನು ಗೋಡೆಗೆ ಒತ್ತಿ ಕೂರಿಸುವುದು, ಗೋಡೆಯೊಳಗೆ ನೆಟ್ಟಗೆ ಇಳಿದ ಪೈಪನ್ನು ಕೆಳಗೆ ಕತ್ತರಿಸಿ ಹೊಸ ಬಾಯಿ ಮಾಡುವುದು. ಎರಡು ದಿನ ಧೂಳು, ಜೊತೆಗೆ ನನ್ನ ಮಗನ ಗೊಣಗಾಟ. ಗೋಡೆ ಮುಚ್ಚುವ ಮುನ್ನ ಒಂದು ಬಕೆಟ್ ನೀರು ಸುರಿದು, ಜೋಡಣೆಗಳಿಗೆ ಹಳೆಯ ಪೇಪರ್ ಸುತ್ತಿ ನೋಡಿದೆವು. ಒಂದು ಕಡೆ ಒದ್ದೆಯಾಯಿತು. ಬಿಚ್ಚಿ ಮತ್ತೆ ಹಾಕಿದರು.

ಹೋದ ಸೋಮವಾರ ಅಜ್ಜಿ ಬಾಗಿಲು ಓರೆ ಮಾಡಿಕೊಂಡು ಒಳಗೆ ಕೂತಳು. ಅರ್ಧ ಗಂಟೆ ನಲ್ಲಿಯ ಸದ್ದು. “ಆಯ್ತೇನೇ?” ಎಂದು ಮೂರು ಸಲ ಕೂಗಿದೆ. ಮೂರನೇ ಸಲ ಗದರಿದಳು, “ಇರ್ರೀ, ನಿಧಾನಕ್ಕೆ ಬರ್ತೀನಿ.”