ನೆರಳೂ ಕೂಲಿಗಾರರ ಹಕ್ಕು

ಬೇಸಿಗೆ ಬಂತೆಂದರೆ ಎಚ್ಚರಿಕೆಯ ಪ್ರಕಟಣೆಗಳು ಬರುತ್ತವೆ. ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿಗೆ ಹೋಗಬೇಡಿ, ಸಾಕಷ್ಟು ನೀರು ಕುಡಿಯಿರಿ, ಸಡಿಲವಾದ ಹತ್ತಿಯ ಬಟ್ಟೆ ಧರಿಸಿರಿ. ಈ ಸೂಚನೆಗಳಲ್ಲಿ ತಪ್ಪೇನೂ ಇಲ್ಲ. ಆದರೆ ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನಂತಹ ಊರಿನಲ್ಲಿ ಇವನ್ನು ಯಾರು ಪಾಲಿಸಬಲ್ಲರು? ಹಿಂದೆ ಲಿಂಗಸುಗೂರು ತಾಲ್ಲೂಕಿನಲ್ಲಿದ್ದು ಈಗ ಮಸ್ಕಿ ತಾಲ್ಲೂಕಿಗೆ ಸೇರಿರುವ ಈ ಸೀಮೆಯಲ್ಲಿ ಅನೇಕ ಕುಟುಂಬಗಳಿಗೆ ದಿನಗೂಲಿಯೇ ಆಧಾರ. ಮನೆಯೊಳಗೆ ಉಳಿದರೆ ಆ ದಿನದ ಕೂಲಿ ಹೋಯಿತು.

ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಪದ್ಧತಿಯಿದೆ. ಸಂಬಳದಲ್ಲಿ ಕಡಿತವಿಲ್ಲ. ಇದು ವಿವೇಕದ ಕ್ರಮವೇ ಸರಿ. ಛಾವಣಿಯ ಕೆಳಗೆ ಕುಳಿತವರಿಗೆ ಸಲ್ಲುವ ಈ ವಿವೇಕ ಬಯಲಿನಲ್ಲಿ ಗುದ್ದಲಿ ಹಿಡಿದವರಿಗೆ ಏಕೆ ಸಲ್ಲಬಾರದು?

'ಅಲ್ಲಿನವರು ಬಿಸಿಲಿಗೆ ಒಗ್ಗಿದವರು' ಎಂಬ ಮಾತು ಮಲೆನಾಡಿನಲ್ಲಿ ಆಗಾಗ ಕೇಳಿಬರುತ್ತದೆ. ದೇಹ ಬಿಸಿಲಿಗೆ ಒಗ್ಗಿಕೊಳ್ಳುವುದು ನಿಜ; ಅದಕ್ಕೆ ಒಂದೆರಡು ವಾರ ಬೇಕು. ಆದರೆ ಆ ಒಗ್ಗುವಿಕೆಗೂ ಮಿತಿಯಿದೆ. ರಾತ್ರಿಯೂ ತಣಿಯದ ತಗಡಿನ ಮನೆಯಲ್ಲಿ ಮಲಗಿ ಎದ್ದವರು ಮರುದಿನದ ಬಿಸಿಲನ್ನು ದಣಿದ ದೇಹದಿಂದಲೇ ಎದುರಿಸಬೇಕಾಗುತ್ತದೆ. ದಪ್ಪ ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ಕೊಡುತ್ತಿದ್ದ ತಂಪನ್ನು ತಗಡು ಕೊಡಲಾರದು.

ನಮ್ಮ ಲೆಕ್ಕಾಚಾರಗಳೂ ಈ ಸೀಮೆಗೆ ನ್ಯಾಯ ಒದಗಿಸುತ್ತಿಲ್ಲ. ಬಯಲುನಾಡಿನಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ತಲುಪಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದಾಗ, ಇಲ್ಲವೇ ನೇರವಾಗಿ 45 ಡಿಗ್ರಿ ಮುಟ್ಟಿದಾಗ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿಯೆಂದು ಪರಿಗಣಿಸುತ್ತದೆ. ವಾಡಿಕೆಯೇ 40ರ ಆಸುಪಾಸಿನಲ್ಲಿರುವ ರಾಯಚೂರಿನಲ್ಲಿ 43 ಡಿಗ್ರಿಯ ದಿನ ಈ ಲೆಕ್ಕಕ್ಕೆ ಬರುವುದೇ ಇಲ್ಲ. ದುಡಿಯುವ ದೇಹಕ್ಕೆ ಈ ವಾಡಿಕೆಯ ಲೆಕ್ಕ ತಿಳಿಯದು.

ನಮ್ಮ ಬೆಟ್ಟಗಳಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟೆಯ ಎಡದಂಡೆ ಕಾಲುವೆಯ ಮೂಲಕ ಸಿಂಧನೂರಿನ ಗದ್ದೆಗಳನ್ನು ಸೇರುತ್ತವೆ. ಭತ್ತ ಹೂಬಿಡುವಾಗ ಉಷ್ಣಾಂಶ 35 ಡಿಗ್ರಿ ಮೀರಿದರೆ ಕಾಳು ಜೊಳ್ಳಾಗುತ್ತದೆಂದು ಕೃಷಿ ವಿಜ್ಞಾನಿಗಳು ಎಚ್ಚರಿಸುತ್ತೇವೆ. ಅದೇ ಗದ್ದೆಯಲ್ಲಿ ಬಗ್ಗಿ ದುಡಿಯುವ ಹೆಣ್ಣುಮಗಳ ದೇಹದ ಮಿತಿಯನ್ನು ಯಾವ ಬೆಳೆ ಕೈಪಿಡಿಯಲ್ಲಿ ಹುಡುಕಬೇಕು? ನೀರು ನಿಂತ ಗದ್ದೆಯ ತೇವದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ. ಬೆವರು ಆರದಿದ್ದರೆ ದೇಹ ತಣಿಯದು. ಕೆಲಸದ ಜಾಗದಲ್ಲಿ ಶೌಚಾಲಯವಿಲ್ಲವೆಂಬ ಕಾರಣಕ್ಕೆ ನೀರನ್ನೇ ಕಡಿಮೆ ಕುಡಿಯುವ ಹೆಂಗಸರ ಕಷ್ಟ ಇದರ ಮೇಲಿನದು.

ಆದ್ದರಿಂದ ಮೊದಲ ಲಕ್ಷಣಗಳನ್ನು ಎಲ್ಲರೂ ತಿಳಿದಿರಬೇಕು. ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ ಕಂಡ ಕೂಡಲೇ ಕೆಲಸ ನಿಲ್ಲಿಸಿ ನೆರಳಿಗೆ ಬಂದು, ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ ಅಥವಾ ಓಆರ್‌ಎಸ್ ಕುಡಿಯಬೇಕು. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿಯೂ ಇದನ್ನು ಸಿದ್ಧಪಡಿಸಬಹುದು. ಮಾತು ತೊದಲಿದರೆ, ಗೊಂದಲ ಕಂಡರೆ, ಪ್ರಜ್ಞೆ ತಪ್ಪಿದರೆ ಅದು ಉಷ್ಣಾಘಾತವಾಗಿರಬಹುದು. ಬೆವರು ಬರುತ್ತಿದೆಯೆಂದು ಸುಮ್ಮನಿರಲಾಗದು. ದುಡಿಯುತ್ತಿರುವವರಲ್ಲಿ ಬೆವರುತ್ತಿರುವಾಗಲೇ ಉಷ್ಣಾಘಾತವಾಗಬಹುದು. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೂ ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಿರಬೇಕು. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಒದ್ದೆ ಬಟ್ಟೆ ಇಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಆದರೆ ಈ ತಿಳಿವಳಿಕೆಯೊಂದೇ ಸಾಲದು. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದ್ ನಗರದಲ್ಲಿ ವಾಡಿಕೆಗಿಂತ 1,344 ಹೆಚ್ಚು ಸಾವುಗಳು ಸಂಭವಿಸಿದವು. ಆ ಬಳಿಕ 2013ರಲ್ಲಿ ಆ ನಗರ ಬಿಸಿಲನ್ನು ಎದುರಿಸುವ ಕ್ರಿಯಾಯೋಜನೆ ರೂಪಿಸಿತು. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗಳಿಗೆಂದೇ ನೀತಿ ತಂದಿತು. ಇಂತಹ ಯೋಜನೆ ಸಂತೆಕಲ್ಲೂರಿನಂತಹ ಹಳ್ಳಿಗಳ ಮಟ್ಟದಲ್ಲಿಯೂ ಬರಬೇಕು. ಉದ್ಯೋಗ ಖಾತರಿಯ ಕಾಮಗಾರಿಗಳಲ್ಲಿ ಬೇಸಿಗೆಯಲ್ಲಿ ಕೂಲಿ ಕಡಿಮೆ ಮಾಡದೆ ಕೆಲಸದ ಪ್ರಮಾಣವನ್ನು ತಗ್ಗಿಸಿದ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ. ಅದು ಎಲ್ಲ ಬಯಲು ಕೆಲಸಗಳಿಗೂ ನಿಯಮವಾಗಬೇಕು.

ನೆರಳಿನ ಮಾತಂತೂ ಪರಿಸರ ಚಳವಳಿಯದೇ ಮಾತು. 1915ರಲ್ಲಿ ಮಸ್ಕಿಯಲ್ಲಿ ದೊರೆತ ಬಂಡೆಶಾಸನ ಅಶೋಕನ ಹೆಸರನ್ನು ಜಗತ್ತಿಗೆ ಖಚಿತಪಡಿಸಿತು. ದಾರಿಬದಿಯಲ್ಲಿ ಮರ ನೆಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು ಅದೇ ಅರಸ ತನ್ನ ಬೇರೆ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ಮನುಷ್ಯರಿಗೂ ಪಶುಗಳಿಗೂ ನೆರಳು, ನೀರು ಒದಗಿಸುವುದು ಆಳುವವರ ಹೊಣೆಯೆಂದು ಎರಡು ಸಾವಿರ ವರ್ಷಗಳ ಹಿಂದೆಯೇ ತಿಳಿದಿತ್ತು. ಇಂದು ರಸ್ತೆ ಅಗಲಿಸುವಾಗ ಮೊದಲು ಉರುಳುವುದು ಆ ನೆರಳೇ.

ಮಲೆನಾಡಿನಲ್ಲಿ ಮರಕ್ಕಾಗಿ ಹೋರಾಡಿದ ನಾವು ಬಯಲುಸೀಮೆಯ ಒಂದು ಬೇವಿಗಾಗಿ, ಒಂದು ಹುಣಸೆಗಾಗಿಯೂ ದನಿಯೆತ್ತಬೇಕು. ಮುಂದಿನ ಗ್ರಾಮಸಭೆಗಳಲ್ಲಿ ಕೇಳಬೇಕಾದುದು ಇಷ್ಟು: ಬೇಸಿಗೆಯ ಕೆಲಸ ಬೆಳಿಗ್ಗೆ 11ಕ್ಕೆ ಮುಗಿಯಲಿ, ಕೂಲಿ ಪೂರ್ತಿ ಸಿಗಲಿ, ಪ್ರತಿ ಕೆಲಸದ ಜಾಗದಲ್ಲಿ ಅರವಟಿಗೆ, ನೆರಳು, ಶೌಚಾಲಯ ಇರಲಿ, ತಗಡಿನ ಮನೆಗಳಿಗೆ ಬಿಳಿ ಬಳಿಯಲು ಪಂಚಾಯತಿ ಹಣ ಕೊಡಲಿ, ಉಳಿದಿರುವ ಸಾಲುಮರಗಳಿಗೆ ಕೊಡಲಿ ತಾಗದಿರಲಿ.